ರಾತ್ರಿ ಎಂಟೂಕಾಲಿನ ಅಂಗಳ ಯಾರದ್ದು?

ಇವತ್ತು ರಾಜಕೀಯ ಬೇಡ. ಸ್ವಲ್ಪ ಹೊತ್ತು ಪ್ಯಾರಿಸ್‌ಗೆ ಹೋಗಿ ಬರೋಣ, ರೋಲ್ಯಾಂಡ್ ಗ್ಯಾರೋಸ್ ಅಂಗಳಕ್ಕೆ. ಫ್ರೆಂಚ್ ಓಪನ್ ಟೆನಿಸ್ ನಡೆಯುವ ಜಾಗ ಅದು. ಟಿವಿಯಲ್ಲಿ ನೋಡಿರ್ತೀರಿ, ಕೆಂಪು ಮಣ್ಣಿನ ಅಂಗಳ. ಆಟಗಾರರ ಬಿಳಿ ಸಾಕ್ಸ್ ಸಂಜೆ ಹೊತ್ತಿಗೆ ಕೆಂಪಾಗಿರುತ್ತೆ.

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಇಂಥದ್ದನ್ನು ಕಂಡರೆ ಅದರ ಕೆಳಗೆ ಏನಿದೆ ಅಂತ ಹುಡುಕೋದು ನನಗೊಂದು ಚಾಳಿ. ಮಣ್ಣಿನ ಅಂಗಳ ಅಂತೀವಿ, ಆದರೆ ಮೇಲೆ ಕಾಣೋದು ಮಣ್ಣಲ್ಲ, ಇಟ್ಟಿಗೆ ಪುಡಿ. ನಮ್ಮ ಅಜ್ಜಿಯಂದಿರು ಹಿತ್ತಾಳೆ ಪಾತ್ರೆ ತಿಕ್ಕೋಕೆ ಬಳಸುತ್ತಿದ್ದರಲ್ಲ, ಅದೇ ಥರದ್ದು. ಅದೂ ಒಂದೆರಡು ಮಿಲಿಮೀಟರ್ ಮಾತ್ರ. ಅದರ ಕೆಳಗೆ ಸುಣ್ಣಕಲ್ಲಿನ ಪುಡಿ, ಅದರ ಕೆಳಗೆ ಕಲ್ಲಿದ್ದಲು ಸುಟ್ಟು ಉಳಿದ ಕಿಟ್ಟ, ಆಮೇಲೆ ಜಲ್ಲಿ, ತಳದಲ್ಲಿ ಕಲ್ಲು. ಈ ಅಂಗಳದ ಗುಣ ಏನು ಗೊತ್ತಾ? ಚೆಂಡು ಬಿದ್ದ ಕೂಡಲೇ ವೇಗ ಕಳೆದುಕೊಂಡು ಎತ್ತರಕ್ಕೆ ಪುಟಿಯುತ್ತೆ. ಒಂದೇ ಹೊಡೆತಕ್ಕೆ ಪಾಯಿಂಟ್ ಸಿಗೋದು ಕಷ್ಟ. ಕಾಲಲ್ಲಿ ಕಸುವು ಬೇಕು, ತಲೆಯಲ್ಲಿ ತಾಳ್ಮೆ ಬೇಕು. ಆಡುವವರು ಗಂಡೋ ಹೆಣ್ಣೋ ಅಂತ ಆ ಇಟ್ಟಿಗೆ ಪುಡಿ ಕೇಳೋದಿಲ್ಲ.

ದುಡ್ಡೂ ಈಗ ಕೇಳೋದಿಲ್ಲ. 2006ರಲ್ಲಿ ಅಲ್ಲಿ ಪುರುಷ ಮತ್ತು ಮಹಿಳಾ ಚಾಂಪಿಯನ್‌ಗೆ ಸಮಾನ ಬಹುಮಾನ ಕೊಟ್ಟರು, 2007ರಿಂದ ಎಲ್ಲ ಸುತ್ತುಗಳಿಗೂ. 2025ರಲ್ಲಿ ಸಿಂಗಲ್ಸ್ ಗೆದ್ದ ಕಾರ್ಲೋಸ್ ಅಲ್ಕರಾಸ್‌ಗೆ 25 ಲಕ್ಷ 50 ಸಾವಿರ ಯೂರೋ. ಕೋಕೋ ಗಾಫ್‌ಗೂ ಅಷ್ಟೇ.

ಹಾಗಾದ್ರೆ ಸಮಸ್ಯೆ ಎಲ್ಲಿದೆ? ಗಡಿಯಾರದಲ್ಲಿದೆ.

2021ರಿಂದ ಅಲ್ಲಿ ನೈಟ್ ಸೆಷನ್ ಶುರುವಾಯ್ತು. ಮುಖ್ಯ ಅಂಗಳ ಫಿಲಿಪ್ ಶಾಟ್ರಿಯೇಯಲ್ಲಿ ರಾತ್ರಿ ಎಂಟೂಕಾಲಿಗೆ ಒಂದೇ ಒಂದು ಪಂದ್ಯ. ಬೇರೆ ಟಿಕೆಟ್, ಬೆಳಕಿನ ಅಬ್ಬರ, ಕೆಲಸ ಮುಗಿಸಿ ಬಂದ ಜನ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರೈಮ್ ಟೈಮ್. ಈಗ ಲೆಕ್ಕ ನೋಡಿ. 2022ರಲ್ಲಿ 10 ರಾತ್ರಿ, ಮಹಿಳೆಯರ ಪಂದ್ಯ ಒಂದು. 2023ರಲ್ಲಿ ಒಂದು. 2024ರಲ್ಲಿ ಸೊನ್ನೆ. 2025ರಲ್ಲೂ ಸೊನ್ನೆ. ಬಹುಮಾನದಲ್ಲಿ ಸರಿಸಮ, ರಾತ್ರಿಯ ದೀಪದ ಕೆಳಗೆ ಮಾತ್ರ ಜಾಗ ಇಲ್ಲ!

ಆಯೋಜಕರ ಮಾತನ್ನೂ ಕೇಳೋಣ, ಅದು ನ್ಯಾಯ. ಟೂರ್ನಿಯ ನಿರ್ದೇಶಕಿ ಅಮೆಲಿ ಮೊರೆಸ್ಮೊ. ಅವರೂ ಒಂದು ಕಾಲದ ವಿಶ್ವ ನಂಬರ್ ಒನ್, ವಿಂಬಲ್ಡನ್ ಗೆದ್ದವರು. ಸದ್ಯ ಪುರುಷರ ಟೆನಿಸ್‌ಗೇ ಆಕರ್ಷಣೆ ಹೆಚ್ಚು ಅಂತ 2022ರಲ್ಲಿ ಹೇಳಿ ಟೀಕೆಗೆ ಗುರಿಯಾದರು, ನೊಂದ ಆಟಗಾರ್ತಿಯರ ಕ್ಷಮೆಯನ್ನೂ ಕೇಳಿದರು. ಈಗ ಅವರ ವಾದ ಬೇರೆ: ಪುರುಷರದ್ದು ಐದು ಸೆಟ್‌ಗಳ ಪಂದ್ಯ, ಮಹಿಳೆಯರದ್ದು ಮೂರು ಸೆಟ್. ರಾತ್ರಿ ಇರೋದೇ ಒಂದು ಪಂದ್ಯ. ಅದು ಬೇಗ ಮುಗಿದುಬಿಟ್ಟರೆ ದುಡ್ಡು ಕೊಟ್ಟು ಬಂದವರಿಗೆ ಮೋಸ ಆಗಲ್ವಾ?

ಕೇಳೋಕೆ ಸರಿ ಅನ್ಸುತ್ತೆ. ಆದರೆ 2025ರ ಒಂದು ದಿನ ತೆಗೆದುಕೊಳ್ಳಿ. ಅವತ್ತು ರಾತ್ರಿಯ ಪಂದ್ಯ ಅಲ್ಕರಾಸ್ ಮತ್ತು ಟಾಮಿ ಪಾಲ್ ನಡುವಿನ ಕ್ವಾರ್ಟರ್ ಫೈನಲ್. 6-0, 6-1, 6-4. ಮುಗಿದದ್ದು 94 ನಿಮಿಷದಲ್ಲಿ. ಅದೇ ದಿನ ವಿಶ್ವ ನಂಬರ್ ಒನ್ ಸಬಲೆಂಕಾ, ಒಲಿಂಪಿಕ್ಸ್ ಚಿನ್ನ ಗೆದ್ದ ಝೆಂಗ್ ಚಿನ್‌ವೆನ್ ಎದುರು ಆಡಿದ ಕ್ವಾರ್ಟರ್ ಫೈನಲ್‌ಗೆ ಸಿಕ್ಕ ಸಮಯ? ಬೆಳಗ್ಗೆ ಹನ್ನೊಂದು ಗಂಟೆ. ಜನ ಆಫೀಸಿನಲ್ಲಿರೋ ಹೊತ್ತು. ಅದಾಗಿ ಕೆಲವೇ ದಿನಕ್ಕೆ ಗಾಫ್ ಮತ್ತು ಸಬಲೆಂಕಾ ಆಡಿದ ಫೈನಲ್ ಎಷ್ಟು ಹೊತ್ತು ನಡೀತು ಗೊತ್ತಾ? 2 ಗಂಟೆ 38 ನಿಮಿಷ. ಅಂದ್ರೆ ಐದು ಸೆಟ್ ಅನ್ನೋದು ಗ್ಯಾರಂಟಿ ಕಾರ್ಡ್ ಅಲ್ಲ. ಐದು ಗಂಟೆ 29 ನಿಮಿಷ ನಡೆದ ಅಲ್ಕರಾಸ್-ಸಿನ್ನರ್ ಫೈನಲ್‌ನಂಥ ಪಂದ್ಯವೂ ಬರುತ್ತೆ, ಒಂದೂವರೆ ಗಂಟೆಯದ್ದೂ ಬರುತ್ತೆ. ಸರಾಸರಿಯಲ್ಲಿ ಪುರುಷರ ಪಂದ್ಯ ಉದ್ದ, ಒಪ್ಪೋಣ. ಆದರೆ ಅದಕ್ಕೆ ಎರಡು ವರ್ಷ ಪೂರ್ತಿ ಸೊನ್ನೆ ಉತ್ತರ ಆಗುತ್ತಾ?

ಜನ ಬರಲ್ಲ ಅನ್ನೋ ಇನ್ನೊಂದು ಮಾತಿದೆ. ಅದಕ್ಕೂ 2025ರಲ್ಲೇ ಉತ್ತರ ಸಿಕ್ಕಿತು. ಲೋಯಿಸ್ ಬುವಾಸೋಂ ಅನ್ನೋ ಫ್ರಾನ್ಸಿನ ಹುಡುಗಿ. ವಿಶ್ವ ಕ್ರಮಾಂಕ 361. ವೈಲ್ಡ್ ಕಾರ್ಡ್ ಮೇಲೆ ಬಂದವಳು, ಜೀವನದ ಮೊದಲ ಗ್ರ್ಯಾನ್ ಸ್ಲಾಮ್. ಮೂರನೇ ಶ್ರೇಯಾಂಕದ ಪೆಗುಲಾರನ್ನು ಸೋಲಿಸಿದಳು, ಆರನೇ ಶ್ರೇಯಾಂಕದ ಆಂಡ್ರೀವಾರನ್ನು ಸೋಲಿಸಿದಳು, ಸೆಮಿಫೈನಲ್‌ಗೇ ಹೋದಳು. ಊರಿನ ಹುಡುಗಿಗಾಗಿ ಪ್ರೇಕ್ಷಕರು ಗಂಟಲು ಹರಿಯುವ ಹಾಗೆ ಕೂಗಿದರು. ಆ ಓಟದಲ್ಲೂ ಅವಳಿಗೆ ಒಂದೇ ಒಂದು ರಾತ್ರಿ ಸಿಗಲಿಲ್ಲ. ಮೂರು ಬಾರಿ ಗ್ರ್ಯಾನ್ ಸ್ಲಾಮ್ ಫೈನಲ್ ಆಡಿದ ಟ್ಯುನೀಷಿಯಾದ ಒನ್ಸ್ ಜಬೇರ್ ಅಂತೂ ನೇರವಾಗಿ ಹೇಳಿದರು: ಈ ತೀರ್ಮಾನ ಮಾಡೋರಿಗೆ ಬಹುಶಃ ಹೆಣ್ಣುಮಕ್ಕಳಿಲ್ಲ ಅಂತ.

ಇಲ್ಲಿಗೆ ನಿಲ್ಲಿಸಿದರೆ ಪ್ಯಾರಿಸ್‌ನವರನ್ನು ಬೈದ ಹಾಗಾಯ್ತು, ನಾವು ಹಾಯಾಗಿ ಮಲಗಬಹುದು. ಆದರೆ ನನಗೆ ಅಷ್ಟು ಸುಲಭಕ್ಕೆ ಮಲಗೋಕೆ ಆಗ್ತಿಲ್ಲ. ಯಾಕೆ ಅಂದ್ರೆ ಪ್ರೈಮ್ ಟೈಮ್ ಹಂಚೋದು ನನ್ನದೂ ಕೆಲಸ.

2017ರ ಜೂನ್ 8. ಅದೇ ಫ್ರೆಂಚ್ ಓಪನ್, ಮಿಕ್ಸೆಡ್ ಡಬಲ್ಸ್ ಫೈನಲ್. ನಮ್ಮ ಕೊಡಗಿನ ರೋಹನ್ ಬೋಪಣ್ಣ ಮತ್ತು ಕೆನಡಾದ ಗೇಬ್ರಿಯೆಲಾ ಡಬ್ರೋಸ್ಕಿ ಒಂದು ಕಡೆ. ಮೊದಲ ಸೆಟ್ 2-6 ಹೋಯ್ತು. ಎರಡನೆಯದು 6-2 ಬಂತು. ಟೈಬ್ರೇಕರ್‌ನಲ್ಲಿ ಎದುರಾಳಿಗಳ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು 12-10ರಲ್ಲಿ ಗೆದ್ದರು. ಬೋಪಣ್ಣ ಅವರ ಮೊದಲ ಗ್ರ್ಯಾನ್ ಸ್ಲಾಮ್ ಪ್ರಶಸ್ತಿ. ಆಗ 37 ವರ್ಷ ಅವರಿಗೆ. ಅವತ್ತು ಡೆಸ್ಕ್‌ನಲ್ಲಿ ಕೂತು ಸುದ್ದಿ ಬರೆದವನು ನಾನು. ಕೊಡಗಿನ ಕುವರ, ಕನ್ನಡದ ಹೆಮ್ಮೆ, ಎಲ್ಲ ಬರೆದೆ. ಜೊತೆಗೆ ಆಡಿದವರ ಬಗ್ಗೆ? ‘ಜೊತೆಗಾರ್ತಿಯೊಂದಿಗೆ’ ಅನ್ನೋ ಒಂದು ಪದ. ಹೆಸರು ಕೂಡ ಹಾಕಲಿಲ್ಲ. ಗ್ರ್ಯಾನ್ ಸ್ಲಾಮ್ ಪ್ರಶಸ್ತಿ ಗೆದ್ದ ಕೆನಡಾದ ಮೊದಲ ಮಹಿಳೆ ಆಕೆ. ಅರ್ಧ ಅಂಗಳ ಕಾದವರು, ಅರ್ಧ ಟ್ರೋಫಿ ಅವರದ್ದು. ನನಗೆ ಇದು ಗೊತ್ತಾಗಿದ್ದು ವರ್ಷಗಳ ನಂತರ. ತಿಳಿದುಕೊಳ್ಳೋ ಕುತೂಹಲವೇ ಅವತ್ತು ಇರಲಿಲ್ಲ.

ನನ್ನನ್ನು ಯಾರೂ ತಡೆದಿರಲಿಲ್ಲ. ಮೇಲಿನವರ ಆದೇಶವೂ ಇರಲಿಲ್ಲ. ನನಗೇ ಅದು ಮುಖ್ಯ ಅನ್ನಿಸಲಿಲ್ಲ, ಅಷ್ಟೇ. ಹೀಗೇ ಆಗೋದು. ಮಹಿಳೆಯರ ಪಂದ್ಯವನ್ನು ಬುಲೆಟಿನ್‌ನ ಕೊನೇ ಮೂವತ್ತು ಸೆಕೆಂಡ್‌ಗೆ ಹಾಕ್ತೀವಿ. ಆ ಹೊತ್ತಿಗೆ ನೀವು ಚಾನೆಲ್ ಬದಲಿಸಿರ್ತೀರಿ. ಆಮೇಲೆ ಟಿಆರ್‌ಪಿ ತೋರಿಸಿ, ‘ನೋಡಿ, ಜನ ನೋಡಲ್ಲ’ ಅಂತೀವಿ. ಬೆಳಗ್ಗೆ ಹನ್ನೊಂದಕ್ಕೆ ಪಂದ್ಯ ಇಟ್ಟು, ಖಾಲಿ ಕುರ್ಚಿ ತೋರಿಸಿದ ಹಾಗೆ. ನೀರೇ ಹಾಕದೆ ಗಿಡ ಒಣಗಿತು ಅಂದರೆ ತಪ್ಪು ಗಿಡದ್ದಾ?

ಪರಿಹಾರ ಇಲ್ಲವಾ? ಇದೆ. ಯುಎಸ್ ಓಪನ್‌ನಲ್ಲಿ ರಾತ್ರಿ ಎರಡು ಪಂದ್ಯ, ಸಾಮಾನ್ಯವಾಗಿ ಮಹಿಳೆಯರದ್ದೊಂದು, ಪುರುಷರದ್ದೊಂದು. ಹಾಗೆ ಮಾಡಿದರೆ ತಡರಾತ್ರಿ ಆಗುತ್ತೆ ಅನ್ನೋ ಆತಂಕ ಸುಳ್ಳಲ್ಲ. 2024ರಲ್ಲಿ ಜೊಕೊವಿಚ್ ಪಂದ್ಯ ಪ್ಯಾರಿಸ್‌ನಲ್ಲಿ ಮುಗಿದಾಗ ಬೆಳಗಿನ ಜಾವ 3 ಗಂಟೆ 7 ನಿಮಿಷ. ಅದು ಆಟಗಾರರಿಗೂ ಒಳ್ಳೆಯದಲ್ಲ, ನೋಡುವವರಿಗೂ ಒಳ್ಳೆಯದಲ್ಲ. ಹಾಗಿದ್ರೆ ಒಂದೇ ಪಂದ್ಯ ಇರಲಿ, ಆದರೆ ಕೆಲವು ರಾತ್ರಿ ಅವರಿಗೂ ಬಿಟ್ಟುಕೊಡಿ. ಎಲ್ಲ ರಾತ್ರಿಯನ್ನೂ ಯಾರೂ ಕೇಳ್ತಿಲ್ಲ. ಸೊನ್ನೆ ಬೇಡ ಅಂತಿದ್ದಾರೆ, ಅಷ್ಟೇ.

ಕೆಂಪು ಅಂಗಳದಲ್ಲಿ ಒಂದು ವಿಶೇಷ ಇದೆ, ವೀಕ್ಷಕರೇ. ಚೆಂಡು ಬಿದ್ದ ಜಾಗದಲ್ಲಿ ಗುರುತು ಉಳಿಯುತ್ತೆ. ಗೆರೆಯ ಒಳಗೋ ಹೊರಗೋ ಅಂತ ಜಗಳ ಬಂದರೆ ಅಂಪೈರ್ ತನ್ನ ಎತ್ತರದ ಕುರ್ಚಿಯಿಂದ ಇಳಿದು ಬರಬೇಕು, ಬಗ್ಗಿ ಗುರುತು ನೋಡಬೇಕು. ಮೇಲೆ ಕೂತೇ ತೀರ್ಪು ಕೊಟ್ಟರೆ ಆಟಗಾರರು ಬಿಡೋದಿಲ್ಲ. 2024ರ ಸೊನ್ನೆ, 2025ರ ಸೊನ್ನೆ ಕೂಡ ಗುರುತುಗಳೇ. ಅಲ್ಲಿ ಯಾರಾದರೂ ಇಳಿದು ಬಂದು ನೋಡಬೇಕು.

ನಾನೂ ಇಳಿದು ನೋಡಬೇಕು. ನಾಳೆಯ ಬುಲೆಟಿನ್‌ನ ರನ್‌ಡೌನ್ ಈಗ ನನ್ನ ಮೇಜಿನ ಮೇಲೇ ಇದೆ. ಕ್ರೀಡಾ ಸುದ್ದಿ ಏಳು, ಅದರಲ್ಲಿ ಹೆಣ್ಣುಮಕ್ಕಳದ್ದು ಒಂದು, ಅದೂ ಕೊನೆಯದ್ದು. ಈ ಮಾತು ಮುಗಿಸಿ ಎದ್ದ ಕೂಡಲೇ ಮೊದಲು ಅದನ್ನು ಮೇಲಕ್ಕೆ ತರ್ತೀನಿ. ತಂದ್ನೋ ಇಲ್ವೋ ಅಂತ ನೀವು ಲೆಕ್ಕ ಇಡಿ.