ನಮ್ಮ ಗುಡ್ಡ ಜಲ್ಲಿಯಾಗದಿರಲಿ!



ಬಳ್ಳಾರಿ ಪಕ್ಕದ ಸಂಗನಕಲ್ಲು-ಕುಪ್ಪಗಲ್ಲು ಗುಡ್ಡಗಳನ್ನು ನಿಮ್ಮಲ್ಲಿ ಎಷ್ಟು ಮಂದಿ ನೋಡಿದ್ದೀರಿ? ಸುಮಾರು 4,000 ವರ್ಷಗಳ ಹಿಂದೆ ಅಲ್ಲಿ ದನಗಾಹಿಗಳು ಬಾಳಿದರು. ಕಲ್ಲುಕೊಡಲಿ ಮಾಡಿದರು, ಬಂಡೆಯ ಮೇಲೆ ಗೂಳಿಗಳ ಚಿತ್ರ ಕುಟ್ಟಿದರು, ಸಗಣಿ ಸುಟ್ಟ ಬೂದಿಯ ದಿಬ್ಬ ಬಿಟ್ಟುಹೋದರು.

ಆ ಗುಡ್ಡಗಳಿಗೇ ಕಲ್ಲುಕ್ವಾರಿ ನುಗ್ಗಿತು! ಗುಡ್ಡ ಕರಗುತ್ತಿರುವಾಗಲೇ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಜೊತೆಗಾರರು ಅಗೆದರು, ಅಳೆದರು, ಬರೆದಿಟ್ಟರು. 2004ರಲ್ಲಿ ನಿಕೋಲ್ ಬೋಯ್ವಿನ್ ಈ ಅಪಾಯವನ್ನು ಹೊರಜಗತ್ತಿನ ವಿದ್ವಾಂಸರ ಮುಂದಿಟ್ಟರು.

ಮಣ್ಣಲ್ಲಿ ಸಿಕ್ಕಿದ್ದೇನು? ಚಿನ್ನವಲ್ಲ. ಸುಟ್ಟು ಕರಿಯಾದ ಹುರುಳಿ, ಹೆಸರು, ಕೊರಲೆ ಕಾಳು. ನಿಮ್ಮ ಅಜ್ಜಿ ಬೇಯಿಸಿದ ಅದೇ ಹುರುಳಿ! ಕಾಳು ಯಾವ ಪದರದಲ್ಲಿತ್ತು ಎಂಬುದು ಅದರ ಕಾಲ ತಿಳಿಯಲು ನೆರವಾಗುವುದು. ಲಾರಿಗೆ ತುಂಬಿದ ಮಣ್ಣಿಗೆ ಪದರವೆಲ್ಲಿ?

ಕಟ್ಟಲು ಕಲ್ಲು ಬೇಕು, ಬಡವನಿಗೆ ಕೂಲಿಯೂ ಬೇಕು, ನಿಜ. ಆದರೆ ಒಡೆಯಲು ಬೇರೆ ಬಂಡೆ ಸಿಕ್ಕೀತು, ಈ ಗುಡ್ಡ ಮತ್ತೆ ಹುಟ್ಟೀತೇ? ಅಕ್ಷರ ಬರುವ ಮೊದಲಿನ ನಾಡಿಗೆ ತಾಮ್ರಪಟವಿಲ್ಲ, ಶಿಲಾಶಾಸನವಿಲ್ಲ. ಮಣ್ಣೇ ಅದರ ಶಾಸನ.

ಬಳ್ಳಾರಿಗೆ ಹೋಗಿ. ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ನೋಡಿ, ಗುಡ್ಡ ಹತ್ತಿ. ನಿಮ್ಮೂರಿನ ದಿಬ್ಬಕ್ಕೆ ಜೆಸಿಬಿ ಬಂದ ದಿನ ಸುಮ್ಮನಿರಬೇಡಿ. ಮೊದಲು ಅಗೆದು ನೋಡಲಿ ಎಂದು ಕೇಳಿ!