ಬೀಟೆಯ ಗಿಟಾರು, ಬೆಟ್ಟದ ಕಾಫಿ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಈ ವೇದಿಕೆಯಲ್ಲಿ ಪ್ರತಿವರ್ಷ ವಿದ್ಯಾರ್ಥಿವೇತನ, ಸ್ಪರ್ಧಾತ್ಮಕ ಪರೀಕ್ಷೆ, ಉದ್ಯೋಗ ಮೊದಲಾದ ವಿಷಯಗಳ ಬಗ್ಗೆ ಮಾತುಗಳಾಗುತ್ತವೆ. ಅವು ಬೇಕಾದ ಮಾತುಗಳೇ. ಆದರೆ ಈ ಸಲ ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ಬಿಡುವಿನ ವೇಳೆ ಮತ್ತು ಹವ್ಯಾಸ’. ಈ ಬಗ್ಗೆ ಉಪದೇಶ ಮಾಡುವುದು ಸುಲಭ. ಅದರ ಬದಲು ನನಗೆ ಗೊತ್ತಿರುವ ಎರಡು ಹವ್ಯಾಸಗಳ ಬಗ್ಗೆ ಹೇಳುತ್ತೇನೆ. ಒಂದು, ಗಿಟಾರ್‌ಗಳನ್ನು ಸಂಗ್ರಹಿಸುವುದು. ಇನ್ನೊಂದು, ಒಳ್ಳೆಯ ಕಾಫಿ ಬೀಜವನ್ನು ಆರಿಸಿ ಕೈಯಾರೆ ಕಾಫಿ ಇಳಿಸುವುದು. ಇವೆರಡೂ ದುಡ್ಡಿದ್ದವರ ಶೋಕಿ ಎಂದು ನೀವು ಹೇಳಬಹುದು. ನಾನೂ ಒಂದು ಕಾಲದಲ್ಲಿ ಇವನ್ನು ಶೋಕಿಯನ್ನಾಗಿಯೇ ಮಾಡಿಕೊಂಡು ಪೆಟ್ಟು ತಿಂದವನು. ಅದನ್ನೂ ಮುಚ್ಚಿಡದೆ ಹೇಳುತ್ತೇನೆ.

ವಾದ್ಯಗಳ ವಿಷಯದಲ್ಲಿ ನಮ್ಮ ಹಿರಿಯರಲ್ಲಿ ಭಿನ್ನ ಅಭಿಪ್ರಾಯಗಳಿವೆ. ಆ ಚರ್ಚೆ ಮಾಡುವ ಅರ್ಹತೆ ನನಗಿಲ್ಲ. ಭಿನ್ನ ಅಭಿಪ್ರಾಯವಿರುವವರ ಮೇಲೆ ನನಗೆ ಗೌರವವಿದೆ. ಆದರೆ ಒಂದು ಇತಿಹಾಸ ನೆನಪಿಸುತ್ತೇನೆ. ಇಂದು ನಮ್ಮೆಲ್ಲರ ಮನೆಯಲ್ಲಿರುವ ಕಾಫಿಯೂ ಒಂದು ಕಾಲದಲ್ಲಿ ವಿವಾದದ ವಸ್ತುವಾಗಿತ್ತು. 15ನೇ ಶತಮಾನದಲ್ಲಿ ಯೆಮನ್‌ನ ಸೂಫಿಗಳು ರಾತ್ರಿಯ ಝಿಕ್ರ್‌ನಲ್ಲಿ ನಿದ್ದೆ ಬಾರದಿರಲೆಂದು ಕಾಫಿ ಕುಡಿಯುತ್ತಿದ್ದರು. ಅದು ಮಕ್ಕಾ ನಗರಕ್ಕೆ ಬಂದಾಗ, 1511ರಲ್ಲಿ ಅಲ್ಲಿನ ಅಧಿಕಾರಿ ಖೈರ್ ಬೇಗ್ ಅದನ್ನು ನಿಷೇಧಿಸಿದ. ಕೈರೋದಲ್ಲಿದ್ದ ಸುಲ್ತಾನ ಆ ನಿಷೇಧವನ್ನು ಸಡಿಲಿಸಿದ. ಆ ಪೇಯವೇ ಮುಂದೆ ಇಡೀ ಜಗತ್ತನ್ನು ಆವರಿಸಿತು.

ಬೆಟ್ಟದಿಂದ ಇಳಿದು ಹೋದದ್ದು

ನಾನು ಹುಟ್ಟಿ ಬೆಳೆದದ್ದು ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ. ಅಬ್ಬಾ ಅಲ್ಲಿ ರೈಟರ್ ಆಗಿದ್ದರು. ಹಣ್ಣು ಕೊಯ್ಯುವ ಕಾಲದಲ್ಲಿ ಸಂಜೆ ಹೊತ್ತು ಆಳುಗಳು ತಂದ ಚೀಲಗಳನ್ನು ತೂಗಿ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ತೋಟದಿಂದ ಕಾಣುತ್ತಿದ್ದದ್ದು ಬಾಬಾ ಬುಡನ್‌ಗಿರಿಯ ಸಾಲು. 17ನೇ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಆ ಬೆಟ್ಟದಲ್ಲಿ ಬಿತ್ತಿದರು ಎಂಬ ಪ್ರತೀತಿಯನ್ನು ನೀವೆಲ್ಲ ಕೇಳಿದ್ದೀರಿ. ಆ ಏಳು ಬೀಜಗಳ ಕಥೆ ನನಗೆ ಅಬ್ಬಾ ಹೇಳಿದ್ದು.

ಆದರೆ ಆ ತೋಟದ ಒಳ್ಳೆಯ ಕಾಫಿಯ ರುಚಿ ಅಬ್ಬಾ ಅವರಿಗೆ ಗೊತ್ತಿರಲಿಲ್ಲ. ಆ ಕಾಲದಲ್ಲಿ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. 1996ರ ಹೊತ್ತಿಗಷ್ಟೇ ಈ ವ್ಯವಸ್ಥೆ ಪೂರ್ತಿ ಕೊನೆಗೊಂಡಿತು. ಎಲ್ಲರ ಕಾಫಿಯೂ ಬೆರೆತು ಹೋಗುತ್ತಿದ್ದುದರಿಂದ ಯಾವ ತೋಟದ ಕಾಫಿಗೆ ಯಾವ ರುಚಿ ಎಂಬ ಪ್ರಶ್ನೆಯೇ ಇರಲಿಲ್ಲ. ಒಳ್ಳೆಯ ಪಾರ್ಚ್‌ಮೆಂಟ್ ಹೊರಗೆ ಹೋಗುತ್ತಿತ್ತು. ನಮ್ಮ ಮನೆಗೆ ಬರುತ್ತಿದ್ದದ್ದು ಒಡೆದ, ಕಪ್ಪಾದ ಕಾಳು. ಅಮ್ಮಿ ಅದನ್ನು ಓಡಿನಲ್ಲಿ ಹುರಿದು, ಕುಟ್ಟಿ, ಬೆಲ್ಲ ಹಾಕಿ ಕುದಿಸುತ್ತಿದ್ದರು.

ತೋಟದಲ್ಲಿ ನೆರಳಿಗಾಗಿ ಬಿಟ್ಟ ಮರಗಳಲ್ಲಿ ಬೀಟೆಯೂ ಇತ್ತು. ಬೀಟೆ ಎಂದರೆ ನಮಗೆ ಗೊತ್ತಿದ್ದದ್ದು ಸಾಹುಕಾರರ ಮನೆಯ ಮಂಚ ಮತ್ತು ಕಪಾಟು. ಅದೇ ಮರದ ಜಾತಿಯಿಂದ ಜಗತ್ತಿನ ಉತ್ತಮ ಗಿಟಾರ್‌ಗಳ ಬೆನ್ನು ಮತ್ತು ಪಕ್ಕೆಗಳನ್ನು ಮಾಡುತ್ತಾರೆ ಎಂಬುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ.

ಗಿಟಾರ್ ಎಂಬ ಮರದ ಪೆಟ್ಟಿಗೆ

ಗಿಟಾರ್ ಪಶ್ಚಿಮದ ವಾದ್ಯವೆಂದು ನಾವು ತಿಳಿದಿದ್ದೇವೆ. ಅದರ ಈಗಿನ ರೂಪ ಪಶ್ಚಿಮದ್ದೇ ಹೌದು. ಆದರೆ ಅದು ಬೆಳೆದದ್ದು ಸ್ಪೇನಿನಲ್ಲಿ, ಅಂದರೆ ಅರಬರ ಊದ್ ವಾದ್ಯ ಶತಮಾನಗಳ ಕಾಲ ನುಡಿದ ನೆಲದಲ್ಲಿ. 9ನೇ ಶತಮಾನದಲ್ಲಿ ಬಾಗ್ದಾದ್‌ನಿಂದ ಹೊರಟು ಕೊರ್ಡೋಬಾ ಸೇರಿದ ಝಿರ್ಯಾಬ್ ಎಂಬ ಸಂಗೀತಗಾರ ಊದ್‌ಗೆ ಐದನೆಯ ತಂತಿ ಸೇರಿಸಿದನೆಂದು ಹೇಳುತ್ತಾರೆ.

ಇಂದಿನ ಕ್ಲಾಸಿಕಲ್ ಗಿಟಾರ್‌ಗೆ ಆಕಾರ ಕೊಟ್ಟವನು 19ನೇ ಶತಮಾನದ ಸ್ಪೇನಿನ ಕುಶಲಕರ್ಮಿ ಆಂಟೋನಿಯೋ ದೆ ತೋರೆಸ್. ನಾದ ಹುಟ್ಟುವುದು ಮುಖ್ಯವಾಗಿ ಗಿಟಾರ್‌ನ ಮುಂಭಾಗದ ತೆಳು ಹಲಗೆಯಿಂದ ಎಂಬುದು ಆತನ ನಂಬಿಕೆ. ಅದನ್ನು ತೋರಿಸಲು 1862ರಲ್ಲಿ ಆತ ಒಂದು ಗಿಟಾರ್ ಮಾಡಿದ. ಮುಂಭಾಗಕ್ಕೆ ಮಾತ್ರ ಮರ; ಬೆನ್ನು ಮತ್ತು ಪಕ್ಕೆಗಳಿಗೆ ಕಾಗದದ ರಟ್ಟು! ಆ ಗಿಟಾರ್ ಇಂದಿಗೂ ಬಾರ್ಸಿಲೋನಾದ ವಸ್ತುಸಂಗ್ರಹಾಲಯದಲ್ಲಿದೆ. ವಿದ್ಯಾರ್ಥಿಗಳೇ, ತನ್ನ ಮಾತನ್ನು ವಾದದಿಂದಲ್ಲ, ಪ್ರಯೋಗದಿಂದ ಸಾಧಿಸಿ ತೋರಿಸಿದ ಕುಶಲಕರ್ಮಿ ಅವನು. ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಯಾವುದಿದೆ?

ಅಮೆರಿಕದಲ್ಲಿ 1833ರಲ್ಲಿ ಆರಂಭವಾದ ಮಾರ್ಟಿನ್ ಕಂಪನಿ ತನ್ನ ಉತ್ತಮ ಗಿಟಾರ್‌ಗಳಿಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿತ್ತು. 1960ರ ದಶಕದ ಕೊನೆಗೆ ಆ ದಿಮ್ಮಿಗಳು ಸಿಗುವುದು ಕಷ್ಟವಾಯಿತು. ಆಗ, 1969ರಲ್ಲಿ, ಕಂಪನಿ ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಬೀಟೆಗೆ ಬದಲಾಯಿಸಿತು. ಬ್ರೆಜಿಲ್‌ನ ಮರ ಅಳಿವಿನಂಚಿಗೆ ಬಂದದ್ದರಿಂದ 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಲಾಯಿತು. 2017ರಿಂದ ಬೀಟೆಯೂ ಸೇರಿದಂತೆ ಆ ಕುಲದ ಎಲ್ಲ ಮರಗಳ ವ್ಯಾಪಾರಕ್ಕೆ ನಿಯಂತ್ರಣ ಬಂತು. ತಯಾರಾದ ಸಂಗೀತ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಒಂದು ಹವ್ಯಾಸದ ಬೆನ್ನು ಹತ್ತಿ ಹೋದರೆ ಅರಣ್ಯ, ಕಾನೂನು, ಇತಿಹಾಸ ಎಲ್ಲವೂ ಎದುರಾಗುತ್ತವೆ ಎನ್ನುವುದಕ್ಕೆ ಇದನ್ನು ಹೇಳಿದೆ.

ನನ್ನ ತಪ್ಪು

ನನ್ನ ಮೊದಲ ಗಿಟಾರ್ ಕೋಲ್ಕತ್ತಾದಲ್ಲಿ ತಯಾರಾದದ್ದು. ಬೆಂಗಳೂರಿನಲ್ಲಿ ಓದುವಾಗ ಒಬ್ಬ ಗೆಳೆಯನಿಂದ ಹಳೆಯದನ್ನು ಕೊಂಡೆ. ಪಾಲಿಟೆಕ್ನಿಕ್‌ನಲ್ಲಿ ಉಪನ್ಯಾಸಕನಾಗಿ ಸಂಬಳ ಸರಿಹೋದ ಮೇಲೆ ಎರಡನೆಯದು ಬಂತು. ನಂತರ ಮೂರನೆಯದು. ಬೀಟೆಯ ಬೆನ್ನಿನದು ಒಂದು, ಮಹಾಗನಿಯದು ಒಂದು, ಹನ್ನೆರಡು ತಂತಿಯದು ಒಂದು. ಹೀಗೆ ಒಂಬತ್ತು ವರ್ಷಗಳಲ್ಲಿ ಹನ್ನೊಂದು ಗಿಟಾರ್‌ಗಳಾದವು. ಕೊನೆಯ ಎರಡನ್ನು ಕಂತಿನಲ್ಲಿ ತಂದೆ. ಮನೆಯಾಕೆ ಕೇಳಿದಾಗ, ಇದು ಖರ್ಚಲ್ಲ, ಬಂಡವಾಳ. ಹಳೆಯದಾದಷ್ಟೂ ಬೆಲೆ ಏರುತ್ತದೆ ಎಂದು ಉತ್ತರ ಕೊಟ್ಟೆ.

ಹಾಗೆ ಹೇಳಲು ನನಗೆ ಪತ್ರಿಕೆಯ ಸುದ್ದಿಗಳ ಆಧಾರವಿತ್ತು. ದೊಡ್ಡವರ ಗಿಟಾರ್‌ಗಳು ಲಕ್ಷಾಂತರ ಡಾಲರಿಗೆ ಹರಾಜಾಗುವುದು ನಿಜ. 2020ರಲ್ಲಿ ಕರ್ಟ್ ಕೊಬೇನ್ ನುಡಿಸಿದ್ದ 1959ರ ಮಾರ್ಟಿನ್ ಗಿಟಾರ್ 60 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಹೋಯಿತು. ಆದರೆ ಆ ಬೆಲೆ ಬಂದದ್ದು ನುಡಿಸಿದ ಕೈಗೆ. ನನ್ನ ಮಂಚದ ಕೆಳಗಿದ್ದ ಗಿಟಾರ್‌ಗೆ ಆ ಲೆಕ್ಕ ಅನ್ವಯಿಸುವುದಿಲ್ಲ ಎಂಬ ಸರಳ ವಿಷಯ ಲೆಕ್ಕ ಕಲಿಸುವ ಮೇಷ್ಟ್ರಿಗೆ ಹೊಳೆಯಲಿಲ್ಲ.

ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಶುಲ್ಕ ಕಟ್ಟಲು ಹತ್ತು ದಿನ ಸಮಯ. ಕೈಯಲ್ಲಿ ಹಣವಿರಲಿಲ್ಲ, ಕಂತು ಬಾಕಿಯಿತ್ತು. ಗಿಟಾರ್‌ಗಳನ್ನು ಮಾರಲು ಹೊರಟೆ. ಆಗಷ್ಟೇ ಮಳೆಗಾಲ ಮುಗಿದಿತ್ತು. ಪೆಟ್ಟಿಗೆ ತೆರೆದು ನೋಡಿದರೆ ಎರಡಕ್ಕೆ ಬೂಷ್ಟು ಹಿಡಿದಿದೆ, ಒಂದರ ತಂತಿ ಕಟ್ಟುವ ಪಟ್ಟಿ ಅಂಟು ಬಿಟ್ಟು ಎದ್ದಿದೆ. ತಿಂಗಳುಗಟ್ಟಲೆ ನಾನು ಅವನ್ನು ಮುಟ್ಟಿಯೂ ಇರಲಿಲ್ಲ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. “ಅಬ್ಬಾ, ಇದರಲ್ಲಿ ನೀವು ನುಡಿಸೋದು ಎಷ್ಟು?” ಎಂದು ಕೇಳಿದಳು. “ಎರಡು” ಎಂದೆ. ಅವಳು ಮತ್ತೇನೂ ಕೇಳಲಿಲ್ಲ.

ಎಂಟನ್ನು ಮಾರಿದೆ. ಕೊಟ್ಟ ಬೆಲೆಯ ಅರ್ಧವೂ ಬರಲಿಲ್ಲ. ಉಳಿದ ಹಣಕ್ಕೆ ಮನೆಯಾಕೆಯ ಎರಡು ಬಳೆಗಳನ್ನು ಅಡವಿಟ್ಟೆವು. ಅವನ್ನು ಬಿಡಿಸಿಕೊಳ್ಳಲು ಹದಿನಾಲ್ಕು ತಿಂಗಳು ಬೇಕಾಯಿತು. ಆ ಹದಿನಾಲ್ಕು ತಿಂಗಳು ಆಕೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಈಗ ನನ್ನ ಬಳಿ ಮೂರು ಗಿಟಾರ್‌ಗಳಿವೆ. ಮೂರನ್ನೂ ನುಡಿಸುತ್ತೇನೆ. ನಾಲ್ಕನೆಯದು ಬೇಕೆನಿಸಿದರೆ ಇರುವುದರಲ್ಲಿ ಒಂದನ್ನು ಕಲಿಯಲು ಆಸೆಯಿರುವ ಹುಡುಗರಿಗೆ ಕೊಡಬೇಕು ಎಂಬುದು ನಾನೇ ಹಾಕಿಕೊಂಡ ನಿಯಮ. ಹೀಗೆ ಈವರೆಗೆ ಎರಡು ಗಿಟಾರ್ ಬಂದಿವೆ, ಎರಡು ಹೋಗಿವೆ. 2019ರಲ್ಲಿ ಇಂಗ್ಲೆಂಡಿನ ಡೇವಿಡ್ ಗಿಲ್ಮೋರ್ ತನ್ನ ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರ್‌ಗಳನ್ನು ಹರಾಜು ಹಾಕಿ, ಬಂದ ಎರಡು ಕೋಟಿಗೂ ಮೀರಿದ ಡಾಲರನ್ನು ಪರಿಸರ ರಕ್ಷಣೆಯ ಕೆಲಸಕ್ಕೆ ಕೊಟ್ಟ ಸುದ್ದಿ ಓದಿದಾಗ, ಸಂಗ್ರಹಿಸುವವನಿಗೆ ಬಿಟ್ಟುಕೊಡುವುದೂ ಗೊತ್ತಿರಬೇಕು ಎನಿಸಿತು.

ಗಿಟಾರ್ ಕೊಳ್ಳಬೇಕೆಂದಿರುವ ವಿದ್ಯಾರ್ಥಿಗಳಿಗೆ ಮೂರು ಮಾತು. ಮೊದಲನೆಯದಾಗಿ, ಅಂಗಡಿಯಲ್ಲಿ ಅದರ ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ತಿರುಚಿದ್ದರೆ ಬೇಡ. ಎರಡನೆಯದಾಗಿ, ಎಲ್ಲ ಮನೆಗಳಲ್ಲೂ ತಂತಿ ಒತ್ತಿ ನೋಡಿ. ಜಿರ್ ಎಂದರೆ ಸರಿಪಡಿಸಿಕೊಡಲು ಹೇಳಿ. ಮೂರನೆಯದಾಗಿ, ಗಿಟಾರ್‌ಗೆ ಹಿತವಾದ ತೇವಾಂಶ ಶೇಕಡಾ 45ರಿಂದ 55. ನಮ್ಮ ಮಳೆಗಾಲದಲ್ಲಿ ಅದು ತೀರಾ ಹೆಚ್ಚಾಗುತ್ತದೆ. ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ ಎಂದರೆ ದಿನಾ ತೆಗೆದು ನುಡಿಸುವುದು.

ಒಂದು ಲೋಟ ಕಾಫಿ

ಗಿಟಾರ್‌ಗಳು ಹೋದ ಮೇಲೆ ನನಗೆ ಹಿಡಿದದ್ದು ಕಾಫಿ. ಇದು ಸಂಗ್ರಹಿಸಿ ಇಡಲಾಗದ ವಸ್ತು. ಹುರಿದ ಬೀಜ ಕೆಲವು ವಾರಗಳಲ್ಲೇ ಸೊಗಸು ಕಳೆದುಕೊಳ್ಳುತ್ತದೆ. ಇಷ್ಟವಿರಲಿ ಇಲ್ಲದಿರಲಿ, ಕುಡಿದು ಮುಗಿಸಲೇಬೇಕು. ನನ್ನಂಥವನಿಗೆ ಇದು ಒಳ್ಳೆಯ ಶಿಕ್ಷಣ.

‘ಸ್ಪೆಷಾಲಿಟಿ ಕಾಫಿ’ ಎಂಬ ಮಾತನ್ನು 1974ರಲ್ಲಿ ಬಳಕೆಗೆ ತಂದವರು ಎರ್ನಾ ಕ್ನುಟ್ಸೆನ್ ಎಂಬ ಮಹಿಳೆ. ನಿರ್ದಿಷ್ಟ ಜಾಗದ ಮಣ್ಣು, ಹವೆ ಬೀಜಕ್ಕೆ ತನ್ನದೇ ರುಚಿ ಕೊಡುತ್ತದೆ ಎಂಬುದು ಅದರ ಸಾರ. ರುಚಿ ನೋಡುವ ಪರಿಣಿತರು ನೂರಕ್ಕೆ 80 ಅಥವಾ ಹೆಚ್ಚು ಅಂಕ ಕೊಟ್ಟ ಕಾಫಿಯನ್ನು ಈ ವರ್ಗಕ್ಕೆ ಸೇರಿಸುವುದು ರೂಢಿಗೆ ಬಂದಿತು. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ನಮ್ಮ ರಾಜ್ಯದ್ದು. ಬಾಬಾ ಬುಡನ್‌ಗಿರಿ, ಚಿಕ್ಕಮಗಳೂರು ಮತ್ತು ಕೊಡಗಿನ ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಈಗ ಚೀಲದ ಮೇಲೆ ತೋಟದ ಹೆಸರೇ ಇರುತ್ತದೆ.

ಮಾಡುವ ಕ್ರಮ ಹೇಳುತ್ತೇನೆ, ಬರೆದುಕೊಳ್ಳಿ. 15 ಗ್ರಾಂ ಪುಡಿಗೆ 240 ಮಿಲಿ ನೀರು. ಪುಡಿ ಉಪ್ಪಿಟ್ಟಿನ ರವೆಯಷ್ಟು ತರಿಯಾಗಿರಲಿ. ಕೋನ್‌ನಲ್ಲಿ ಕಾಗದದ ಸೋಸುಕ ಇಟ್ಟು ಬಿಸಿನೀರಿನಲ್ಲಿ ಒಮ್ಮೆ ತೊಳೆಯಿರಿ. ಈ ಕಾಗದದ ಸೋಸುಕವನ್ನು 1908ರಲ್ಲಿ ಕಂಡುಹಿಡಿದವರು ಜರ್ಮನಿಯ ಗೃಹಿಣಿ ಮೆಲಿಟ್ಟಾ ಬೆಂಟ್ಸ್. ಮಗನ ಶಾಲೆಯ ಪುಸ್ತಕದ ಒತ್ತುಕಾಗದ ಹರಿದು ಅವರು ಪ್ರಯೋಗ ಮಾಡಿದ್ದರಂತೆ. ಕುದಿದ ನೀರನ್ನು ಅರ್ಧ ನಿಮಿಷ ಬಿಡಿ. ಮೊದಲು 30 ಮಿಲಿಯಷ್ಟು ಸುರಿದು ಅರ್ಧ ನಿಮಿಷ ಕಾಯಿರಿ. ಪುಡಿ ಉಬ್ಬಿ ಗುಳ್ಳೆ ಏಳುತ್ತದೆ. ಹುರಿಯುವಾಗ ಬೀಜದಲ್ಲಿ ಸೇರಿದ ಅನಿಲ ಹೊರಬರುವ ಲಕ್ಷಣ ಅದು. ಉಳಿದ ನೀರನ್ನು ಸುತ್ತಿ ಸುತ್ತಿ ನಿಧಾನವಾಗಿ ಸುರಿಯಿರಿ. ಒಟ್ಟು ಮೂರು ನಿಮಿಷದಲ್ಲಿ ಇಳಿಯಬೇಕು. ಕಹಿಯಾದರೆ ಮುಂದಿನ ಸಲ ಪುಡಿ ತರಿಯಾಗಲಿ. ಬರೀ ಹುಳಿಯಾದರೆ ಇನ್ನಷ್ಟು ನುಣುಪಾಗಲಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಫಲಿತಾಂಶ ಬರೆದಿಡಿ.

ನಮ್ಮ ಹಿತ್ತಾಳೆ ಫಿಲ್ಟರಿನ ಕಾಫಿಯನ್ನು ಕೀಳಾಗಿ ನೋಡಬೇಡಿ. ಹಾಲು ಬೆರೆಸಲು ಬೇಕಾದ ಗಟ್ಟಿ ಡಿಕಾಕ್ಷನ್ ಅದರಲ್ಲೇ ಬರುವುದು. ಇದು ಬೇರೆ, ಅದು ಬೇರೆ.

ಅಬ್ಬಾ ತೀರಿಕೊಳ್ಳುವ ಹಿಂದಿನ ವರ್ಷ, ಅವರು ಕೆಲಸ ಮಾಡಿದ ತೋಟದ ಪಕ್ಕದ ತೋಟದ ಅರೇಬಿಕಾ ನನಗೆ ಸಿಕ್ಕಿತು. ಹಾಲಿಲ್ಲದೆ, ಸಕ್ಕರೆಯಿಲ್ಲದೆ ಇಳಿಸಿ ಕೊಟ್ಟೆ. ಒಂದು ಗುಟುಕು ಕುಡಿದು, “ಬೆಲ್ಲ ಹಾಕೋದು ಮರೆತೆಯಾ?” ಎಂದರು. ಮರೆತಿಲ್ಲ, ಹೀಗೇ ಕುಡಿದು ನೋಡಿ ಎಂದೆ. ನಿಧಾನವಾಗಿ ಲೋಟ ಖಾಲಿ ಮಾಡಿದರು. ಎಲ್ಲಿಯದು ಎಂದು ಕೇಳಿದರು, ಹೇಳಿದೆ. “ಮೂವತ್ತೊಂದು ವರ್ಷ ತೂಕ ಹಾಕಿದೆ. ಇದು ಹೀಗಿರುತ್ತೆ ಅಂತ ಗೊತ್ತಿರಲಿಲ್ಲ” ಎಂದರು. ನಂತರ ಲೋಟವನ್ನು ಮತ್ತೆ ಮುಂದೆ ಚಾಚಿದರು.

ಪ್ರಿಯರೇ, ಹವ್ಯಾಸದ ಬಗ್ಗೆ ನಾನು ಹೇಳಬೇಕಾದದ್ದು ಇಷ್ಟೇ. ಸಾಲ ಮಾಡಿ ಹವ್ಯಾಸ ಬೇಡ. ಮುಟ್ಟದೆ ಇಡುವ ವಸ್ತು ಬೇಡ. ಆದರೆ ದಿನಕ್ಕೆ ಅರ್ಧ ಗಂಟೆ, ಪರೀಕ್ಷೆಗಾಗಿಯೂ ಅಲ್ಲದೆ ಸಂಬಳಕ್ಕಾಗಿಯೂ ಅಲ್ಲದೆ, ಕೈ ಮತ್ತು ಮನಸ್ಸು ಕೂಡಿ ಮಾಡುವ ಒಂದು ಕೆಲಸ ನಿಮ್ಮದಾಗಿರಲಿ. ನಿಮ್ಮ ಊರಿನ ನೆಲದಲ್ಲಿ ಬೆಳೆಯುವುದರ ಬೆಲೆ ಪರಊರಿನವರು ಹೇಳುವ ಮೊದಲೇ ನಿಮಗೆ ತಿಳಿದಿರಲಿ. ಮತ್ತು ಅದನ್ನು ತೂಗಿದ, ಹೊತ್ತ, ಹುರಿದ ಹಿರಿಯರು ಮನೆಯಲ್ಲಿದ್ದರೆ, ಮೊದಲ ಲೋಟ ಅವರಿಗೆ ಕೊಡಿ.