ಕೆಂಡದೊಲೆಯ ಕಾವನ್ನು ಇಳಿಸುವ ಬಗೆ

ಸೌದೆಯ ಒಲೆಯಲ್ಲಿ ಉರಿ ಹೆಚ್ಚಾದರೆ ಕೊಳ್ಳಿಯನ್ನು ಹೊರಕ್ಕೆ ಎಳೆದರಾಯಿತು. ಅನಿಲದ ಒಲೆಯಲ್ಲಾದರೆ ತಿರುಪನ್ನು ತಿರುಗಿಸಿದರಾಯಿತು. ಆದರೆ ದಪ್ಪನಾದ ಮಣ್ಣಿನ ಗೋಡೆಯೂ ಭಾರವಾದ ಮುಚ್ಚಳವೂ ಉಳ್ಳ ಇದ್ದಿಲೊಲೆಯಲ್ಲಿ ಕಾವು ಒಮ್ಮೆ ಮೇರೆ ಮೀರಿತೆಂದರೆ ಎಳೆಯುವುದಕ್ಕೆ ಕೊಳ್ಳಿಯೂ ಇಲ್ಲ, ತಿರುಗಿಸುವುದಕ್ಕೆ ತಿರುಪೂ ಇಲ್ಲ. ಇಂಥ ಒಲೆಯ ಕಾವನ್ನು ಹದದಲ್ಲಿಡುವುದು ಹೇಗೆ, ಏರಿದುದನ್ನು ಇಳಿಸುವುದು ಹೇಗೆ ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಈ ಒಲೆಗೆ ಕಮಾಡೊ ಎಂದು ಹೆಸರು. ಅದು ಜಪಾನಿನ ಮಾತು. ಒಲೆ ಎಂದೇ ಅದರ ಅರ್ಥ. ಎರಡನೆಯ ಮಹಾಯುದ್ಧವು ೧೯೪೫ರಲ್ಲಿ ಮುಗಿದ ಮೇಲೆ ಜಪಾನಿನಲ್ಲಿದ್ದ ಅಮೆರಿಕದ ಸೈನಿಕರು ಇದನ್ನು ತಮ್ಮ ದೇಶಕ್ಕೆ ಕೊಂಡೊಯ್ದರು. ಆಮೇಲೆ ಅಲ್ಲಿಯ ತಯಾರಕರು ಹೆಚ್ಚು ಕಾವನ್ನು ತಾಳುವ ಸೆರಾಮಿಕ್ಕಿನಿಂದ ಇದನ್ನು ಮಾಡತೊಡಗಿದರು. ಮೊಟ್ಟೆಯ ಆಕಾರ; ಬುಡದಲ್ಲಿ ಗಾಳಿ ಒಳಹೋಗುವ ಕಂಡಿ; ನೆತ್ತಿಯಲ್ಲಿ ಹೊಗೆ ಹೊರಡುವ ಕಂಡಿ; ಒಳಗೆ ಇದ್ದಿಲು, ಅದರ ಮೇಲೆ ಜಾಲರಿ. ಇಷ್ಟೇ ಇದರ ರಚನೆ.

ಉಡುಪಿಯ ಸೀಮೆಯವರಿಗೆ ಇದರ ಆಕಾರ ಹೊಸದು, ತತ್ತ್ವ ಹೊಸದಲ್ಲ. ಗೆರಟೆಯ ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ನೆನೆದುಕೊಳ್ಳಬಹುದು. ಪಕ್ಕದ ತೂತುಗಳಲ್ಲಿ ಗಾಳಿಯಾಡಿದರೆ ಕೆಂಡ ಕೆಂಪೇರುತ್ತದೆ, ಬೂದಿ ಮುಸುಕಿದರೆ ಮಂಕಾಗುತ್ತದೆ. ಇನ್ನೊಂದು ನಿದರ್ಶನ ಹಂಚಿನ ಗೂಡು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ೧೮೬೦ರ ದಶಕದಲ್ಲಿ ಹಂಚಿನ ಕೈಗಾರಿಕೆಯನ್ನು ಆರಂಭಿಸಿದರು. ೧೮೮೦ರ ದಶಕದಲ್ಲಿ ಅದು ಮಲ್ಪೆಗೂ ಬಂತು. ಗೂಡಿನ ಕಾವನ್ನು ಮೆಲ್ಲಮೆಲ್ಲನೆ ಏರಿಸಬೇಕು, ಇಳಿಸುವುದನ್ನೂ ಮೆಲ್ಲನೆಯೇ ಇಳಿಸಬೇಕು. ಜೇಡಿಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣಗಳು ಸುಮಾರು ೫೭೩ ಡಿಗ್ರಿ ಸೆಂಟಿಗ್ರೇಡಿನಲ್ಲಿ ತಟ್ಟನೆ ಗಾತ್ರವನ್ನು ಬದಲಿಸುತ್ತವೆ. ಆತುರದಿಂದ ತಣಿಸಿದ ಹಂಚು ಸೀಳಿಹೋಗುತ್ತದೆ. ಸುಟ್ಟ ಮಣ್ಣಿಗೆ ಆತುರ ಸಲ್ಲದು ಎಂಬ ಈ ಪಾಠವೇ ನಮ್ಮ ಒಲೆಗೂ ಅನ್ವಯಿಸುತ್ತದೆ.

ಮೊದಲು ಕಾವು ಏರುವುದೇತಕ್ಕೆ ಎಂಬುದನ್ನು ತಿಳಿಯತಕ್ಕದ್ದು. ಒಂದು ಕಿಲೋಗ್ರಾಂ ಶುದ್ಧ ಇಂಗಾಲವು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು ೧೦ ಘನ ಮೀಟರು ಗಾಳಿ ಬೇಕು. ಒಲೆಯೊಳಗೆ ಇದ್ದಿಲು ಎಷ್ಟೇ ತುಂಬಿರಲಿ, ಅಷ್ಟು ಗಾಳಿ ಬಾರದಿದ್ದರೆ ಅದು ಉರಿಯಲಾರದು. ಆದುದರಿಂದ ಕಾವಿನ ಕೀಲಿಕೈ ಇರುವುದು ಇದ್ದಿಲಿನಲ್ಲಲ್ಲ, ಕಂಡಿಗಳಲ್ಲಿ.

ಇಳಿಯುವುದು ತಡವೇಕೆ? ದೊಡ್ಡ ಒಲೆಯೊಂದು ೭೦ ಕಿಲೋಗ್ರಾಮಿನಷ್ಟು ತೂಗುವುದುಂಟು. ಅದರೊಳಗಿನ ಗಾಳಿಯಾದರೋ ಕಾಲು ಕಿಲೋಗ್ರಾಮಿನಷ್ಟೂ ಇರದು. ಗಾಳಿ ಗಳಿಗೆಯಲ್ಲಿ ಕಾಯುತ್ತದೆ, ಗಳಿಗೆಯಲ್ಲಿ ಆರುತ್ತದೆ, ಗೋಡೆ ಹಾಗಲ್ಲ. ಅದು ಕುಡಿದ ಶಾಖವನ್ನು ಬೆಂಕಿ ಕುಗ್ಗಿದ ಮೇಲೂ ಬಹಳ ಹೊತ್ತು ಹೊರಗೆಡಹುತ್ತಲೇ ಇರುತ್ತದೆ. ಮುಚ್ಚಳವನ್ನು ತೆರೆದಾಗ ಉಷ್ಣಮಾಪಕದ ಮುಳ್ಳು ಸರ್ರನೆ ಕೆಳಗಿಳಿಯುವುದನ್ನು ಕಂಡು ಕಾವು ಇಳಿಯಿತೆಂದು ಭಾವಿಸುವುದು ಭ್ರಮೆ. ಹೊರಟುಹೋದದ್ದು ಬಿಸಿಗಾಳಿ ಮಾತ್ರ. ಅದರ ಬದಲು ಒಳಹೊಕ್ಕ ಹೊಸ ಗಾಳಿಯು ಕೆಂಡವನ್ನು ಮತ್ತಷ್ಟು ಕೆರಳಿಸುತ್ತದೆ.

ಇದರಿಂದ ಮೊದಲನೆಯ ನಿಯಮ ತಾನಾಗಿಯೇ ದೊರೆಯುತ್ತದೆ: ಇಳಿಸುವ ಪ್ರಸಂಗವೇ ಬಾರದಂತೆ ಏರಿಸಬೇಕು. ೧೫೦ ಡಿಗ್ರಿ ಬೇಕಾದರೆ ೧೩೦ಕ್ಕೆ ಬರುವಷ್ಟರಲ್ಲಿಯೇ ಕಂಡಿಗಳನ್ನು ಕಿರಿದುಮಾಡತಕ್ಕದ್ದು. ಅಡುಗೆಯ ಕ್ರಮವನ್ನೂ ಇದಕ್ಕೆ ಹೊಂದಿಸಿಕೊಳ್ಳಬೇಕು. ಗೆಣಸನ್ನು ಮಂದವಾದ ಕಾವಿನಲ್ಲಿ ಬೇಯಿಸಬೇಕು, ಮಟ್ಟುಗುಳ್ಳವನ್ನು ಸಿಪ್ಪೆ ಕರಿಯುವಂತೆ ಸುಡಬೇಕು ಎಂದಿದ್ದರೆ ಗೆಣಸು ಮೊದಲು, ಗುಳ್ಳ ಆಮೇಲೆ. ಮಧ್ಯಾಹ್ನದ ಮೇಲೆ ಪಡುಗಡಲಿನ ಗಾಳಿ ಬೀಸುವ ಕಾಪು, ಮಲ್ಪೆಗಳಂಥ ಕಡೆ ಕೆಳಗಿನ ಕಂಡಿಯನ್ನು ಮೂಡಣಕ್ಕೆ ತಿರುಗಿಸಿಡುವುದು ಲೇಸು; ಪಡುವಣಕ್ಕಿಟ್ಟರೆ ಸಮುದ್ರವೇ ತಿದಿಯೊತ್ತಿದಂತಾಗುವುದು.

ಇಷ್ಟಾದರೂ ಕಾವು ಮೀರಿದರೆ ಏನು ಮಾಡಬೇಕು? ಸ್ವಲ್ಪವೇ ಮೀರಿದ್ದರೆ ಎರಡು ಕಂಡಿಗಳನ್ನೂ ಕೂದಲೆಳೆಯಷ್ಟು ಉಳಿಸಿ ಮುಚ್ಚಿ, ಇಪ್ಪತ್ತು ಮೂವತ್ತು ನಿಮಿಷ ಮುಚ್ಚಳವನ್ನು ಮುಟ್ಟದೆ ಕಾಯಬೇಕು. ಬಹಳವಾಗಿ ಮೀರಿದ್ದರೆ ಅಡುಗೆಯನ್ನು ಹೊರಕ್ಕೆ ತೆಗೆದು ಎರಡನ್ನೂ ಪೂರ್ತಿ ಮುಚ್ಚತಕ್ಕದ್ದು. ಮುಳ್ಳು ಬೇಕಾದ ಅಂಕೆಗಿಂತ ತುಸು ಕೆಳಗಿಳಿದ ಮೇಲೆ ಎಳ್ಳಷ್ಟೆಳ್ಳಷ್ಟೆ ತೆರೆಯಬೇಕು. ಕೆಂಡಕ್ಕೂ ಅಡುಗೆಗೂ ನಡುವೆ ದಪ್ಪನಾದ ಮಣ್ಣಿನ ಬಿಲ್ಲೆಯನ್ನು ಮೊದಲೇ ಇಟ್ಟಿದ್ದರೆ ಕೆಂಡದ ನೇರವಾದ ಝಳ ತಪ್ಪುತ್ತದೆ. ನೀರನ್ನು ಮಾತ್ರ ಎರಚಲೇಕೂಡದು. ಕಾದ ಮಣ್ಣು ಬಿರಿಯುತ್ತದೆ, ಚಿಮ್ಮುವ ಹಬೆ ಮುಖವನ್ನು ಸುಡುತ್ತದೆ.

ಮುಚ್ಚಿಟ್ಟ ಒಲೆಯನ್ನು ಫಕ್ಕನೆ ತೆರೆಯುವುದೂ ಅಪಾಯ. ಗಾಳಿಗಾಗಿ ಹಸಿದ ಕೆಂಡವು ಗಾಳಿ ಸಿಕ್ಕೊಡನೆ ಜ್ವಾಲೆಯನ್ನು ಉಗುಳುತ್ತದೆ. ಮುಚ್ಚಳವನ್ನು ಎರಡು ಬೆರಳಷ್ಟು ಎತ್ತಿ, ಕೆಲವು ಕ್ಷಣ ನಿಂತು, ಮುಖವನ್ನು ದೂರವಿಟ್ಟುಕೊಂಡು ಮೆಲ್ಲನೆ ತೆರೆಯಬೇಕು.

ಇದಕ್ಕಿಂತ ಘೋರವಾದ ಇನ್ನೊಂದು ಅಪಾಯವು ಕಣ್ಣಿಗೆ ಕಾಣುವುದಿಲ್ಲ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಇಂಗಾಲದ ಮೊನಾಕ್ಸೈಡೆಂಬ ವಿಷವಾಯು ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತವನ್ನು ಸೇರಿ ಆಮ್ಲಜನಕದ ಸ್ಥಾನವನ್ನು ಆಕ್ರಮಿಸುತ್ತದೆ. ತಲೆನೋವು, ಮಂಪರು, ಕೊನೆಗೆ ಮರಣ. ಕಾವನ್ನು ಇಳಿಸಲೆಂದು ನಾವು ಗಾಳಿಯನ್ನು ಕಟ್ಟಿದಷ್ಟೂ ಹೊಗೆಯಲ್ಲಿ ಇದರ ಪಾಲು ಹೆಚ್ಚುತ್ತದೆ. ಒಲೆ ಮಂದವಾಗಿದೆ, ಹೊಗೆಯೂ ಕಾಣದು, ಆದುದರಿಂದ ನಿರಪಾಯವೆಂದು ಬಗೆಯುವುದು ತಲೆಕೆಳಗಾದ ತರ್ಕ. ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ ಬಿಡದೆ ಹೊಯ್ಯುವ ಈ ಸೀಮೆಯಲ್ಲಿ ಒಲೆಯನ್ನು ಒಳಗೆ ತಂದು ಬಾಗಿಲು ಹಾಕಿಕೊಳ್ಳುವ ಆಸೆ ಸಹಜ. ಆ ಆಸೆಗೆ ಎಡೆಗೊಡಲಾಗದು. ಆರಲೆಂದು ಮುಚ್ಚಿಟ್ಟ ಒಲೆಯನ್ನೂ, ಪೂರ್ತಿ ತಣ್ಣಗಾಗುವವರೆಗೆ, ಮನೆಯ ಹೊರಗಿನ ಬಯಲಿನಲ್ಲಿಯೇ ಇಡತಕ್ಕದ್ದು.

ಅಡುಗೆ ಮುಗಿದ ಮೇಲೆ ಎರಡು ಕಂಡಿಗಳನ್ನೂ ಬಿಗಿಯಾಗಿ ಮುಚ್ಚಿದರೆ ಬೆಂಕಿ ತಾನಾಗಿ ನಂದುತ್ತದೆ. ಉಳಿದ ಇದ್ದಿಲು ಮರುದಿನಕ್ಕೆ ಒದಗುತ್ತದೆ. ಮರುದಿನ ಬೂದಿಯನ್ನು ಕೊಡವಿ, ಸ್ವಲ್ಪ ಹೊಸ ಇದ್ದಿಲನ್ನು ಸೇರಿಸಿ, ಒಂದೇ ಕಡೆ ಕಿಡಿಯಿಟ್ಟು ಮೊದಲುಮಾಡಿದರೆ ಕಾವು ನಮ್ಮ ಮಾತನ್ನು ಮೀರದು.